ಪುದೀನಕ್ಕೆ ಹಾಕಿದ ಕಾಜಾ

ಸೊಪ್ಪು ಮಾರುವವಳ ಮಟ್ಟಿಗೆ ಪುದೀನ ಎಂದರೆ ಒಂದು ಕಟ್ಟು. ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಿಟ್ಟರೆ ಮಧ್ಯಾಹ್ನದ ತನಕ ತಲೆ ಎತ್ತಿಕೊಂಡಿರುತ್ತದೆ, ಆಮೇಲೆ ಬೈಸಿಕೊಂಡ ಸೊಸೆಯ ಹಾಗೆ ಮುಖ ಇಳಿಸುತ್ತದೆ. ಬಸ್ಸಿನ ಕಂಡಕ್ಟರನ ಮಟ್ಟಿಗೆ ಪುದೀನ ಎಂದರೆ ಒಂದು ಸ್ಟಾಪು. ಆ ಹೆಸರು ಕೂಗುವ ಮುಂಚೆ ಎದೆ ತುಂಬ ಉಸಿರು ಎಳೆದುಕೊಳ್ಳಬೇಕು, ಕೂಗಿದ ಮೇಲೆ ಬಸ್ಸು ತಿರುವು ದಾಟುವವರೆಗೆ ಮೂಗಿನಿಂದ ಉಸಿರಾಡುವ ಹಾಗಿಲ್ಲ. ಹೆಣ್ಣು ಗಂಡು ಕೂಡಿಸುವವರ ಬಾಯಲ್ಲಿ ಪುದೀನದವಳು ಎಂದರೆ ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ಬೀದಿ ಕೇಳಿಸುವ ಹಾಗೆ ಜಗಳವಾಡುವ ಹೆಂಗಸು.

ಇನ್ನು ದರ್ಜಿಗಳಿಗೆ ಪುದೀನ ಎಂದರೆ ಕೈಯಲ್ಲಿ ಹಾಕಿದ ಕಾಜಾ. ಗುಂಡಿ ತೂರಿಸಲು ಅಂಗಿಯಲ್ಲಿ ಒಂದು ಸೀಳು ಬಿಡುತ್ತಾರಲ್ಲ, ಅದರ ಸುತ್ತ ದಾರದಲ್ಲಿ ಒತ್ತೊತ್ತಾಗಿ ಕಟ್ಟುವ ಅಂಚು. ಅಳತೆ ತೆಗೆದುಕೊಳ್ಳುವಾಗಲೇ ದರ್ಜಿ ಕೇಳಿಬಿಡುತ್ತಿದ್ದ: "ಸಾರ್, ಮಿಷನ್ ಕಾಜಾ ಹಾಕಿಸ್ಲಾ, ಪುದೀನ ಹಾಕಿಸ್ಲಾ?" ಮದುಮಗನಾದರೆ "ಪುದೀನಾನೇ ಇರ್ಲಿ" ಎನ್ನುತ್ತಿದ್ದ. ಎಷ್ಟೋ ಜನ ಗಂಡಸರು ತಮ್ಮ ಎದೆಯ ಮೇಲಿರುವುದು ಒಂದು ಗಲ್ಲಿಯ ಹೆಸರು ಎಂದು ತಿಳಿಯದೆಯೇ ಅಂಗಿ ಹರಿಯುವ ತನಕ ತೊಟ್ಟರು.

ಆ ಹೆಸರಿಗೆ ದರ್ಜಿಗಳ ಬಾಯಲ್ಲಿ ಅಷ್ಟು ಮರ್ಯಾದೆ ತಂದವಳು ಒಬ್ಬಳೇ. ಅವಳನ್ನು ಗಲ್ಲಿಯವರೆಲ್ಲ ಕಾಜಾ ಅಕ್ಕ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಅಂಗಡಿಯವನಿಗೆ ಬಿಟ್ಟು ಬೇರೆ ಯಾರಿಗೂ ಬೇಕಾಗಿರಲಿಲ್ಲ.

ಮದುವೆಯಾಗಿ ಬಂದ ದಿನ ಅವಳ ತಲೆಯಲ್ಲಿದ್ದ ಪುದೀನವೇ ಬೇರೆ. ಇಟ್ಟಿಗೆ ಗೂಡಿನ ಹಿಂದಿನ ಮನೆಯಲ್ಲಿ ಕೆಂಪು ಧೂಳು ತಿಂದು ಬೆಳೆದ ಹುಡುಗಿ ಅವಳು. "ಗಂಡಿನ ಮನೆ ಪುದೀನದಲ್ಲಿ" ಎಂದು ಯಾರೋ ಹೇಳಿದ ದಿನದಿಂದ ಅವಳು ಬಾಗಿಲಿಂದ ಬಾಗಿಲಿಗೆ ಹಸಿರು ಹಾಸಿಕೊಂಡ ಒಂದು ಬೀದಿಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಗೆಳತಿಯರ ಹೊಟ್ಟೆ ಉರಿಸಿದ್ದಳು. ಬಂದು ಇಳಿದರೆ ಏನಿದೆ? ಎರಡು ಕೈಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಇಕ್ಕಟ್ಟಾದ ಗಲ್ಲಿ. ಎರಡೂ ಕಡೆ ಹೆಗಲಿಗೆ ಹೆಗಲು ಕೊಟ್ಟ ಹಾಗೆ ಮನೆಗಳು. ಒಂದು ಕಡೆಯ ಬಾಗಿಲುಗಳ ಮುಂದೆ, ಕಲ್ಲು ಚಪ್ಪಡಿಯೇ ಕಾಣದ, ಬಾಯ್ದೆರೆದ ಚರಂಡಿ. ಹುಡುಗಿ ಮೂಗು ಮುಚ್ಚಿಕೊಂಡು ಅತ್ತೆಯನ್ನು ಕೇಳಿದಳು.

"ಅತ್ತೆ, ಪುದೀನ ಎಲ್ಲಿ?"

"ಪುದೀನದಲ್ಲೇ ನಿಂತಿದೀಯಲ್ಲ ತಾಯಿ."

"ಮತ್ತೆ ಈ ವಾಸನೆ?"

"ಚರಂಡೀದು. ಒಂದು ವಾರ ಅದರಿಂದ ಬರುತ್ತೆ. ಆಮೇಲೆ ನಿನ್ನಿಂದಾನೇ ಬರುತ್ತೆ, ನಿಂಗೆ ಗೊತ್ತಾಗಲ್ಲ. ಒಳಗೆ ಬಾ."

ಅತ್ತೆ ಹೇಳಿದ್ದು ಅಕ್ಷರಶಃ ನಿಜವಾಯಿತು. ಆ ಗಲ್ಲಿಯಲ್ಲಿ ಪುದೀನದ ಒಂದು ಎಲೆಯೂ ಇರಲಿಲ್ಲ. ಇದ್ದದ್ದನ್ನು ಕಣ್ಣಾರೆ ಕಂಡವರೂ ಇರಲಿಲ್ಲ. ಮೂಲೆಯ ಇಸ್ತ್ರಿಯವನು ತನ್ನ ತಾತನ ಕಾಲದಲ್ಲಿ ಚರಂಡಿಯಲ್ಲಿ ನೀರು ನೀರಾಗಿಯೇ ಹರಿಯುತ್ತಿತ್ತು, ಅದರ ದಡದಲ್ಲಿ ಪುದೀನ ತಾನಾಗಿ ಹಬ್ಬಿತ್ತು ಎನ್ನುತ್ತಿದ್ದ. ಅಕ್ಕನ ಗಂಡ ಅದನ್ನು ಒಪ್ಪುತ್ತಿರಲಿಲ್ಲ. ಅವರು ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸದವರು. ಅರ್ಧ ಹರಿದು ಅರ್ಧ ಕೊಡುವುದೇ ಕಸುಬಾಗಿ, ಜೀವನದಲ್ಲಿ ಪೂರ್ತಿ ಮಾಡಿದ ಕೆಲಸ ನಿದ್ದೆಯೊಂದೇ. "ಯಾರೋ ತಮಾಷೆಗೆ ಇಟ್ಟಿದಾರೆ ಕಣಯ್ಯಾ," ಎನ್ನುತ್ತಿದ್ದರು, "ಕಪ್ಪಗಿರೋನನ್ನ ಬಿಳಿಯಾ ಅಂತ ಕರೆಯಲ್ವಾ, ಹಾಗೆ."

ಮನೆಗಳ ಒಳಗೆ ಬೆಳಕು ಸಾಲದು. ಅದಕ್ಕೆ ಹೆಂಗಸರೆಲ್ಲ ಬಾಗಿಲ ಮೆಟ್ಟಿಲ ಮೇಲೆ ಕೂತು ಕಾಜಾ ಹಾಕುತ್ತಿದ್ದರು. ಹೊಸ ಸೊಸೆಗೆ ಅತ್ತೆಯೇ ಕಲಿಸಿದಳು. ದಾರಕ್ಕೆ ಮೇಣದ ಬತ್ತಿಯ ಚೂರು ಸವರಬೇಕು. ಸೂಜಿ ಒಳಗಿಂದ ಹೊರಗೆ ಬಂದಾಗ ದಾರವನ್ನು ಅದರ ಕೊರಳಿಗೆ ಸುತ್ತಬೇಕು. ಎಳೆಯುವಾಗ ಕಿರುಬೆರಳನ್ನು ಅಡ್ಡ ಕೊಟ್ಟು ಗಂಟು ಸೀಳಿನ ತುಟಿಯ ಮೇಲೇ ಕೂರುವ ಹಾಗೆ ನೋಡಿಕೊಳ್ಳಬೇಕು. ಕಲಿತವಳು ಅತ್ತೆಯನ್ನೂ ಮೀರಿಸಿದಳು. ಅಕ್ಕ ಹಾಕಿದ ಕಾಜಾವನ್ನು ಬಿಚ್ಚಲು ಸ್ವತಃ ಅಕ್ಕನಿಗೂ ಬರುತ್ತಿರಲಿಲ್ಲ. ಒಮ್ಮೆ ಒಬ್ಬ ದರ್ಜಿ ತಪ್ಪಾದ ಜಾಗದಲ್ಲಿ ಗುರುತು ಹಾಕಿ ಕಳಿಸಿ, ಬಿಚ್ಚಿ ಕೊಡು ಎಂದ. ಬಟ್ಟೆಯೇ ಕಿತ್ತು ಬಂತೇ ಹೊರತು ಕಾಜಾ ಬಿಚ್ಚಲಿಲ್ಲ. ಆ ಕಾಜಾವನ್ನು ಅವನು ಅಂಗಡಿಯ ಗಾಜಿನ ಹಿಂದೆ ತೂಗುಹಾಕಿದ.

ಅಂಗಿಗಳು ಬೇರೆ ಬೇರೆ ಊರುಗಳಿಂದ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತಿದ್ದವು. ವಿಳಾಸ ಗಿಳಾಸ ಏನೂ ಇಲ್ಲ. ದರ್ಜಿ ಗಂಟನ್ನು ಬಸ್ಸಿನೊಳಗೆ ಎಸೆದು "ಪುದೀನಕ್ಕೆ" ಎನ್ನುತ್ತಿದ್ದ. ಕಂಡಕ್ಟರು ಉಸಿರು ಬಿಗಿಹಿಡಿದು ಸ್ಟಾಪಿನಲ್ಲಿ ಅದನ್ನು ಇಳಿಸುತ್ತಿದ್ದ. ಅಷ್ಟೇ. ಆ ಒಂದು ಮಾತಿನ ಮೇಲೆ ಅಕ್ಕ ಮಗನನ್ನು ಓದಿಸಿದಳು, ಮದುವೆ ಮಾಡಿದಳು, ಸೊಸೆಯನ್ನು ತಂದಳು, ಸೊಸೆಗೂ ಕಾಜಾ ಕಲಿಸಿದಳು.

ಆ ಮಾತಿಗೇ ಕುತ್ತು ಬಂದದ್ದು ಹೊಸ ಮೆಂಬರು ಗೆದ್ದು ಬಂದ ವರ್ಷ. ಗೆದ್ದ ಮೇಲೆ ಏನಾದರೂ ಮಾಡಿದ ಹಾಗೆ ಕಾಣಬೇಕಲ್ಲ, ಅವನು ಗಲ್ಲಿಗಳ ಹೆಸರು ಬದಲಾಯಿಸಲು ಹಿಡಿದ. ಪಕ್ಕದ ಬಾಚಣಿಗೆ ಗಲ್ಲಿಗೆ ಯಾರೋ ದೊಡ್ಡವರ ಉದ್ದನೆಯ ಹೆಸರು ಬಂತು. ಅಲ್ಲಿ ಕೊಂಬಿನ ಬಾಚಣಿಗೆ ಮಾಡುವ ಮುದುಕ ಒಬ್ಬನಿದ್ದ. ಹೊರಗಿನ ಗಿರಾಕಿಗಳು ಬಂದು ಬೋರ್ಡು ನೋಡಿ, ಇದಲ್ಲ ಎಂದುಕೊಂಡು ಮುಂದಕ್ಕೆ ಹೋಗಿ, ಮುಂದಿನ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನದು ಕೊಂಡು ಹೋದರು. ಸ್ವಲ್ಪ ದಿನದಲ್ಲಿ ಮುದುಕನೂ ಮಾರುಕಟ್ಟೆಯ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಬಾಚಣಿಗೆ ಹರವಿಕೊಂಡು ಕೂತ. ಅವನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಜನ ಅದಕ್ಕೇ ನಗುತ್ತಿದ್ದರು. ಅಕ್ಕನಿಗೆ ಮಾತ್ರ ನಗು ಬರಲಿಲ್ಲ.

ಒಂದು ಬೆಳಿಗ್ಗೆ ಮೆಂಬರು ಸ್ಕೂಟರಿನಲ್ಲಿ ಬಂದು ಗಲ್ಲಿಯ ಬಾಯಲ್ಲೇ ನಿಂತ. ಒಳಗೆ ಬರಲಿಲ್ಲ.

"ಅಮ್ಮಂದಿರೇ, ಅಕ್ಕಂದಿರೇ, ನಿಮಗೆಲ್ಲಾ ಒಂದು ಸಿಹಿ ಸುದ್ದಿ! ಈ ಗಲ್ಲಿಗೆ ನಮ್ಮ ತಂದೆಯವರ ಹೆಸರು ಇಡ್ತಿದೀವಿ."

ತುಟಿಯಲ್ಲಿದ್ದ ಸೂಜಿ ತೆಗೆಯದೆ ಅಕ್ಕ ಕೇಳಿದಳು. "ಈಗಿರೋ ಹೆಸರಿಗೆ ಏನಾಗಿದೆ ಮೆಂಬರ್ ಸಾರ್? ಜ್ವರ ಬಂದಿದ್ಯಾ?"

"ಅದೇನಮ್ಮ ಪುದೀನ! ಹೆಸರು ಅಂದ್ರೆ ಅದಕ್ಕೊಂದು ಅರ್ಥ ಬೇಡ್ವಾ? ಎಲ್ಲಿದೆ ಪುದೀನ?"

"ಅರ್ಥ ಇದೆ. ಊರೂರಿನ ದರ್ಜಿಗಳನ್ನ ಕೇಳಿ ಬನ್ನಿ."

"ದರ್ಜಿಗಳ ಮಾತು ಬಿಡಿ. ಗಿಡ ಎಲ್ಲಿದೆ ಗಿಡ? ಒಂದೇ ಒಂದು ಪುದೀನ ಗಿಡ ತೋರಿಸಿ, ಹೆಸರು ಮುಟ್ಟಲ್ಲ. ಎಲ್ಲರ ಎದುರಿಗೇ ಹೇಳ್ತಿದೀನಿ."

"ಈಗ ಕಣ್ಣಿಗೆ ಬೀಳ್ತಿಲ್ಲ ಅಷ್ಟೇ," ಎಂದುಬಿಟ್ಟಳು ಅಕ್ಕ. "ಭಾನುವಾರ ಬನ್ನಿ, ತೋರಿಸ್ತೀನಿ."

"ಭಾನುವಾರ ಬರೋನೇ ಇದ್ದೆ, ನಮ್ಮಮ್ಮನ್ನ ಕರ್ಕೊಂಡು. ಯಜಮಾನರ ಹೆಸರಿಡೋ ಜಾಗ ಅವರೂ ನೋಡ್ಬೇಕು ಅಂತಿದಾರೆ," ಎಂದು ನಕ್ಕು ಮೆಂಬರು ಸ್ಕೂಟರು ತಿರುಗಿಸಿದ.

ಅವನು ಹೋದದ್ದೇ ತಡ, ಗಲ್ಲಿಯೆಲ್ಲ ಅಕ್ಕನ ಮೆಟ್ಟಿಲ ಸುತ್ತ ಸೇರಿತು.

"ಎಲ್ಲಿಂದ ತೋರಿಸ್ತೀಯಕ್ಕ?" ಎಂದ ಇಸ್ತ್ರಿಯವನು. "ಇಲ್ಲಿ ಮಣ್ಣು ಅಂತ ಇರೋದು ನನ್ನ ಹೆಂಡ್ತಿ ನನ್ನ ಮೇಲೆ ಎರಚೋದು ಮಾತ್ರ."

ಅಕ್ಕ ಬುಟ್ಟಿ ಹೊತ್ತು ನಿಂತಿದ್ದ ಸೊಪ್ಪಿನವಳ ಕಡೆ ತಿರುಗಿದಳು. "ಭಾನುವಾರದೊಳಗೆ ಪುದೀನ ಬೆಳೆಸೋಕಾಗುತ್ತಾ?"

"ಕಾಜಾಕ್ಕ, ಅದೇನು ಗಡ್ಡಾನಾ, ಒಂದು ರಾತ್ರೀಲಿ ಬೆಳೆಯೋಕೆ? ಕಡ್ಡಿ ನೆಟ್ರೆ ಬೇರು ಬಿಡೋಕೇ ದಿನ ಹಿಡಿಯುತ್ತೆ. ಭಾನುವಾರ ಬೆಳಿಗ್ಗೆ ಬೇಕಾದ್ರೆ ಬುಟ್ಟಿ ತುಂಬ ತಂದು ಹಾಕ್ತೀನಿ. ಬೇರಿಲ್ಲದ್ದು. ನಿಲ್ಲಿಸೋದು ನಿಂಗೆ ಬಿಟ್ಟಿದ್ದು."

ಆ ಮಾತು ಅಕ್ಕನ ತಲೆಯಲ್ಲಿ ಕೂತುಬಿಟ್ಟಿತು. ಭಾನುವಾರ ಕೋಳಿ ಕೂಗುವ ಹೊತ್ತಿಗೆ ಅವಳು ಇಸ್ತ್ರಿಯವನಿಂದ ಹಳೆಯ ಗೋಣಿಗಳನ್ನು ತರಿಸಿದಳು. ಗಲ್ಲಿಯಲ್ಲಿ ಬಿಸಿಲು ಬೀಳುವುದು ಒಂದೇ ಕಡೆ, ಅದೂ ಚರಂಡಿಯ ಮೇಲೆ. ಬಿದಿರು ತಟ್ಟಿಗಳನ್ನು ಅದಕ್ಕೆ ಅಡ್ಡ ಹಾಕಿ, ಗೋಣಿಗಳನ್ನು ಹಾಸಿ, ಇಟ್ಟಿಗೆ ಗೂಡಿನ ಬಳಿಯಿಂದ ತಂದ ಕೆಂಪು ಮಣ್ಣನ್ನು ತೆಳ್ಳಗೆ ಬಳಿದರು. ಸೊಪ್ಪಿನವಳು ಬುಟ್ಟಿ ಇಳಿಸಿದಳು. ಎಲ್ಲರೂ ಕಡ್ಡಿಗಳನ್ನು ಚುಚ್ಚಲು ಕೂತರು. ಚುಚ್ಚಿದ ಕಡ್ಡಿ ಕೈ ಬಿಟ್ಟೊಡನೆ ಸಲಾಂ ಹೊಡೆದು ಮಲಗುತ್ತಿತ್ತು. ಈ ಕಡೆ ನಿಲ್ಲಿಸಿದರೆ ಆ ಕಡೆಯದು ಬೀಳುತ್ತಿತ್ತು.

"ಕುಡಿದವರ ಮೆರವಣಿಗೆ ಥರ ಇದೆ ಅತ್ತೆ," ಎಂದು ಸೊಸೆ ಕಿಸಕ್ಕನೆ ನಕ್ಕಳು.

ಬೇರೆ ಯಾರಾದರೂ ಆಗಿದ್ದರೆ ಕಡ್ಡಿಗೆ ಕಲ್ಲು ಒತ್ತು ಕೊಡುತ್ತಿದ್ದರು, ಇಲ್ಲವೇ ಒಂದು ಕುಂಡ ಸಾಲ ತರುತ್ತಿದ್ದರು. ಎದುರುಗಡೆ ಬೀದಿಯಲ್ಲಿ ಕುಂಡ ಮಾರುವವನೇ ಇದ್ದ. ಅದು ಪುದೀನದ ಹೆಂಗಸರಿಗೆ ಹೊಳೆಯಲೇ ಇಲ್ಲ. ಬಟ್ಟೆಯ ಮೇಲೆ ಒಂದು ವಸ್ತು ನಿಲ್ಲುತ್ತಿಲ್ಲ ಎಂದರೆ ಅವರಿಗೆ ಗೊತ್ತಿದ್ದ ದಾರಿ ಒಂದೇ.

"ನಿಲ್ಲಲ್ಲ ಅನ್ನುತ್ತಾ ಇದು?" ಎಂದು ಅಕ್ಕ ಒಳಗೆ ಹೋಗಿ ಗೋಣಿ ಹೊಲಿಯುವ ದಬ್ಬಣ ತಂದಳು. "ಹೊಲಿದ್ರೆ ನಿಲ್ಲುತ್ತೆ."

ಹೊಲಿದರು. ಒಂದೊಂದು ಕಡ್ಡಿಯ ಬುಡಕ್ಕೂ ಮೇಣ ಸವರಿದ ದಾರ ಸುತ್ತಿ, ಗೋಣಿಯ ಅಡಿಯಿಂದ ಸೂಜಿ ಎತ್ತಿ, ಕೊರಳಿಗೆ ದಾರ ಹಾಕಿ, ಕಿರುಬೆರಳು ಅಡ್ಡ ಕೊಟ್ಟು ಎಳೆದರು. ಉಳಿದವರು ಹೇಗೋ ಎರಡು ಸುತ್ತು ಹಾಕಿ ಮುಗಿಸಿದರೆ, ಅಕ್ಕ ತನ್ನ ಪಾಲಿನದಕ್ಕೆಲ್ಲ ಮದುಮಗನ ಅಂಗಿಗೆ ಹಾಕುವಂಥ ಕಾಜಾವನ್ನೇ ಹಾಕಿದಳು. ಗೋಣಿಗೆ ಗೋಣಿಯನ್ನೂ ಸೇರಿಸಿ ಹೊಲಿದಳು.

"ಇಷ್ಟೊಂದು ಗಟ್ಟಿ ಯಾಕತ್ತೆ? ಮಧ್ಯಾಹ್ನ ಕಿತ್ತು ಹಾಕೋದು ತಾನೆ?" ಎಂದಳು ಸೊಸೆ.

"ಸಡಿಲ ಹಾಕೋಕೆ ನನ್ನ ಕೈಗೆ ಬರಲ್ಲ ಕಣೇ. ಬಾಯಿ ಮುಚ್ಚಿ ದಾರ ಕೊಡು."

ಬಿಸಿಲು ಗೋಡೆ ಇಳಿದು ಬರುವ ಹೊತ್ತಿಗೆ ಗಲ್ಲಿಯಲ್ಲಿ ಪುದೀನ ಎದ್ದು ನಿಂತಿತ್ತು. ನೀರು ಚಿಮುಕಿಸಿದರು. ಎಲೆಗಳು ಮಿನುಗಿದವು. ಟಿಕೆಟ್ ಹರಿಯುವ ಯಜಮಾನರು ಕಣ್ಣುಜ್ಜಿಕೊಂಡು ಹೊರಗೆ ಬಂದು, ಮೂಗರಳಿಸಿ, "ಲೇ ಇವಳೇ, ನಾವು ಮನೆ ಬದಲಾಯಿಸಿದ್ವಾ?" ಎಂದು ಕೇಳಿದರು. ತಟ್ಟಿ, ಗೋಣಿ, ಮಣ್ಣು, ಅದರ ಮೇಲೆ ಬುಟ್ಟಿಗಟ್ಟಲೆ ಪುದೀನ ಕೂತ ಮೇಲೆ ಚರಂಡಿಯ ಉಸಿರೇ ಅಡಗಿಹೋಗಿತ್ತು. ಕಾಜಾ ಅಕ್ಕ ಮದುವೆಯಾಗಿ ಬರುವಾಗ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಬೀದಿ ಇದೇ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಕೈ ಕಟ್ಟಿಕೊಂಡಳು.

ಮೆಂಬರು ತಾಯಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದ. ತಾಯಿ ಸಣಕಲು ಮುದುಕಿ; ಆದರೆ ಮಗನ ಹೆಗಲ ಮೇಲೆ ಕೈಯಿಟ್ಟು ಇಳಿದಾಗ ಮಗನೇ ಒಂದು ಗೇಣು ಕುಗ್ಗಿದ ಹಾಗೆ ಕಂಡ. ಮೂಗಿಗೆ ಒತ್ತಿಕೊಳ್ಳಲು ಕರ್ಚೀಫು ತಂದಿದ್ದಳು. ಯಾರೋ ಎಚ್ಚರಿಸಿದ್ದಿರಬೇಕು. ಗಲ್ಲಿಯೊಳಗೆ ಎರಡು ಹೆಜ್ಜೆ ಇಟ್ಟವಳು ಕರ್ಚೀಫು ಕೆಳಗಿಳಿಸಿದಳು.

ಮೆಂಬರನ ಬಾಯಿ ತೆರೆದುಕೊಂಡಿತ್ತು. "ಇದು... ಇದು ಮೊನ್ನೆ ಇರ್ಲಿಲ್ವಲ್ಲ!"

"ನೀವು ಮೊನ್ನೆ ಒಳಗೆಲ್ಲಿ ಬಂದ್ರಿ ಸಾರ್," ಎಂದಳು ಅಕ್ಕ ಮೆತ್ತಗೆ. "ಗಲ್ಲಿ ಬಾಯಲ್ಲೇ ನಿಂತು ಹೋದ್ರಿ. ಮಾತು ಕೊಟ್ಟಿದೀರಿ, ನೆನಪಿದ್ಯಲ್ಲ?"

ಮೆಂಬರು ಅತ್ತಿತ್ತ ನೋಡಿದ. ಗಲ್ಲಿಯೆಲ್ಲ ಅವನ ಮುಖವನ್ನೇ ನೋಡುತ್ತಿತ್ತು. "ಕೊಟ್ಟಿದ್ದೆ," ಎಂದು ಗೊಣಗಿದ. "ಸರಿ, ಅಮ್ಮ, ನಡಿ, ಬೇರೆ ಗಲ್ಲಿ ನೋಡೋಣ."

ಅಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇಳಿದದ್ದು ಒಂದು ಗಳಿಗೆ ಮಾತ್ರ.

"ಬೇರೆ ಯಾಕೆ?" ಎಂದಳು ಮುದುಕಿ. ಕಣ್ಣು ಮುಚ್ಚಿ ಗಾಳಿ ಎಳೆದುಕೊಂಡಳು. "ಆಹಾ! ನಿಮ್ಮಪ್ಪ ಇದ್ದಿದ್ರೆ ಇಲ್ಲೇ ಕುರ್ಚಿ ಹಾಕ್ಕೊಂಡು ಕೂತಿರೋರು. ಇಂಥ ಜಾಗ ಬಿಟ್ಟು ಇನ್ನೆಲ್ಲಿಗೋ ಹೋಗ್ತೀಯಾ? ಇಲ್ಲೇ ಇಡು ಅವರ ಹೆಸರು."

"ಅಮ್ಮ, ಪುದೀನ ತೋರಿಸಿದ್ರೆ ಹೆಸರು ಮುಟ್ಟಲ್ಲ ಅಂತ ಇವರಿಗೆ ಮಾತು..."

"ನಿನ್ನ ಮಾತು ನಿನ್ನ ಜೇಬಲ್ಲಿಟ್ಕೋ. ಚುನಾವಣೇಲಿ ಕೊಟ್ಟಿದ್ದೆಲ್ಲ ನಡೆಸಿಬಿಟ್ಟಿದೀಯಾ? ನಾಳೇನೇ ಬೋರ್ಡು ಬರೆಸು."

ಇಸ್ತ್ರಿಯವನು ಅಕ್ಕನ ಕಿವಿಯ ಹತ್ತಿರ ಬಗ್ಗಿದ. "ಅಕ್ಕ, ನಾವು ಕಷ್ಟಪಟ್ಟು ಅವರಪ್ಪನಿಗೇ ಜಾಗ ಸಿಂಗರಿಸಿ ಕೊಟ್ಟ ಹಾಗಾಯ್ತಲ್ಲ!"

ಸ್ಟಾಪಿನಲ್ಲಿ ಗಂಟು ಇಳಿಸದೆ ಹೋಗುವ ಬಸ್ಸು ಅಕ್ಕನ ಕಣ್ಣ ಮುಂದೆ ಬಂತು. ಮಾರುಕಟ್ಟೆಯ ಮೆಟ್ಟಿಲಲ್ಲಿ ಬಾಚಣಿಗೆಯ ಮುದುಕನ ಪಕ್ಕ ತಾನು ಪ್ಲಾಸ್ಟಿಕ್ ಗುಂಡಿ ಹರವಿಕೊಂಡು ಕೂತದ್ದೂ ಬಂತು. "ಅಮ್ಮಾ," ಎಂದು ಶುರು ಮಾಡಿದಳು, "ಈ ಹೆಸರಿನ ಮೇಲೇ ನಮ್ಮ ಹೊಟ್ಟೆ..."

ಮುದುಕಿಗೆ ಕೇಳಿಸಲಿಲ್ಲ. ಅವಳು ಬಗ್ಗಿ ಎಲೆಗಳನ್ನು ಸವರುತ್ತಿದ್ದಳು. "ಎಷ್ಟು ಕೊಬ್ಬಿದೆ ನೋಡು. ಮಗಾ, ಒಂದು ಗಿಡ ಕಿತ್ತುಕೋ, ಮನೆ ಹಿತ್ತಲಲ್ಲಿ ಹಾಕೋಣ. ಬೇರು ಸಮೇತ ಕೀಳು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಂಬರು ಕೈ ಹಾಕಿದ್ದು ಬೇರೆ ಯಾರ ಪಾಲಿನ ಕಡ್ಡಿಗೂ ಅಲ್ಲ, ಅಕ್ಕನದಕ್ಕೆ. ಎಳೆದ. ಬರಲಿಲ್ಲ.

"ಬೇರು ಆಳಕ್ಕೆ ಹೋಗಿದೆ ಅಮ್ಮ."

"ಒಳ್ಳೆ ಗಿಡ ಅಂದ್ರೆ ಹಾಗೇ. ಜೋರಾಗಿ ಎಳಿ."

"ಬೇಡಿ ಸಾರ್!" ಎಂದಳು ಸೊಸೆ. "ನಾವೇ ಮನೆಗೆ ತಂದುಕೊಡ್ತೀವಿ!"

ಇಷ್ಟು ಜನ ಹೆಂಗಸರ ಎದುರು ಒಂದು ಸೊಪ್ಪಿಗೆ ಸೋಲುವುದೇ? ಮೆಂಬರು ಪ್ಯಾಂಟು ಮೇಲೆಳೆದುಕೊಂಡು, ಕಾಲು ಅಗಲಿಸಿ, ಎರಡೂ ಕೈಯಲ್ಲಿ ನಾಲ್ಕಾರು ಕಡ್ಡಿ ಸೇರಿಸಿ ಹಿಡಿದು, ಹಲ್ಲು ಕಚ್ಚಿ ಹಿಂದಕ್ಕೆ ಬಾಗಿ ಎಳೆದ. ಅಕ್ಕನ ಕಾಜಾ ಜಗ್ಗಲಿಲ್ಲ. ಬದಲಿಗೆ ಅವನ ಕೈಯ ಕೆಳಗಿನ ನೆಲ ಉಬ್ಬಿತು. ಪುದೀನದ ತೋಟ ಕಂಬಳಿಯ ಹಾಗೆ ಎದ್ದು ನಿಂತಿತು. ಗೋಣಿಗೆ ಗೋಣಿ ಹೊಲಿದಿದ್ದರಿಂದ ಒಂದು ಎದ್ದರೆ ಅದರ ಹಿಂದೆ ಇನ್ನೊಂದೂ ಎದ್ದಿತು. ಮಣ್ಣು ದಡದಡನೆ ಜಾರಿ ಚರಂಡಿಗೆ ಬಿತ್ತು, ತಟ್ಟಿಗಳು ಪಕ್ಕಕ್ಕೆ ಸರಿದವು. ಮೆಂಬರು ಹಿಂದಕ್ಕೆ ವಾಲಿದ, ಮುಂದಕ್ಕೆ ಮುಗ್ಗರಿಸಿದ, ಒಂದು ಕಾಲು ಮೊಣಕಾಲ ತನಕ ಒಳಗೆ ಹೋಯಿತು. ಬೆಳಗಿನಿಂದ ಉಸಿರು ಕಟ್ಟಿಕೊಂಡಿದ್ದ ಚರಂಡಿ ಅದನ್ನೆಲ್ಲ ಒಟ್ಟಿಗೇ ಬಿಟ್ಟಿತು.

ವರ್ಷಗಟ್ಟಲೆ ಅಲ್ಲೇ ಬಾಳಿದವರೂ ಮೂಗು ಹಿಡಿದುಕೊಂಡರು. ಯಜಮಾನರು "ಇಲ್ಲ, ನಮ್ಮ ಮನೇನೇ" ಎಂದು ಒಳಗೆ ಹೋದರು.

ಮುದುಕಿ ಕರ್ಚೀಫನ್ನು ಮುಖಕ್ಕೆ ಒತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದಳು. "ಏನೋ ಇದು?"

"ಚ... ಚರಂಡಿ ಅಮ್ಮ."

"ನಿಮ್ಮಪ್ಪ ದಿನಕ್ಕೆರಡು ಸಲ ಸ್ನಾನ ಮಾಡ್ತಿದ್ದ ಮನುಷ್ಯ! ಅವರ ಹೆಸರನ್ನ ಈ ಗಬ್ಬಿನ ಮೇಲೆ ಬರೆಸ್ತೀಯಾ? ಬಸ್ಸಿನವನು ದಿನಾ ಮೂಗು ಮುಚ್ಕೊಂಡು ಅವರ ಹೆಸರು ಕೂಗ್ಬೇಕಾ? ಅಷ್ಟು ಆಸೆ ಇದ್ರೆ ನಿನ್ನ ಹೆಸರಿಡಿಸ್ಕೋ. ಸರಿಯಾಗಿ ಹೊಂದುತ್ತೆ."

"ನೀನೇ ಹೇಳಿದ್ದಲ್ಲಮ್ಮ ಇಲ್ಲೇ ಇಡು ಅಂತ..."

"ಕಾಲು ತೆಗಿ ಮೊದಲು!"

ಅವನು ಕಾಲು ತೆಗೆದ. ಚಪ್ಪಲಿ ಬರಲಿಲ್ಲ. ಕೈಯಲ್ಲಿ ಪುದೀನ ಇನ್ನೂ ಹಾಗೇ ಇತ್ತು, ಅದರ ಬುಡದಲ್ಲಿ ಗೋಣಿಯ ತುಂಡು ಕಿತ್ತು ಬಂದಿತ್ತು. ಮುದುಕಿ ಅದನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣ ಹತ್ತಿರ ತಂದಳು. ದಾರ ಕಂಡಳು. ಉಗುರಲ್ಲಿ ಗಂಟನ್ನು ಕೆದಕಿ ನೋಡಿದಳು.

"ಯಾರು ಹಾಕಿದ್ದು ಇದನ್ನ?"

ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. "ನಾನೇ ಅಮ್ಮ," ಎಂದಳು ಅಕ್ಕ.

ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕೈ ಚೆನ್ನಾಗಿದೆ. ಬುದ್ಧಿ ಚೆನ್ನಾಗಿಲ್ಲ," ಎಂದು ಹೇಳಿ ಪುದೀನವನ್ನು ಮಾತ್ರ ಚಿವುಟಿಕೊಂಡು, ಗೋಣಿಯನ್ನು ಮಗನ ಕೈಗೆ ಕೊಟ್ಟು, ಸ್ಕೂಟರಿನ ಕಡೆ ನಡೆದಳು. ಮೆಂಬರು ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಚರಂಡಿ ಹಾಕಿಕೊಂಡು ಅವಳ ಹಿಂದೆ ಹೋದ. ಅವರು ತಿರುವು ದಾಟಿದ ಮೇಲೆ ಗಲ್ಲಿ ನಕ್ಕ ನಗು ಬಸ್ ಸ್ಟಾಪಿನವರೆಗೆ ಕೇಳಿಸಿತಂತೆ.

ಹೆಸರು ಉಳಿಯಿತು. ಗಂಟುಗಳು ಎಂದಿನ ಹಾಗೆ ಇಳಿದವು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮನೆಗೆ ಹೋದ ಮುದುಕಿ ಮಗನನ್ನು ಚೆನ್ನಾಗಿ ಬೆಂಡೆತ್ತಿರಬೇಕು. ಮಳೆಗಾಲ ಕಳೆದದ್ದೇ ಒಂದು ಗಾಡಿ ತುಂಬ ಚಪ್ಪಡಿ ಕಲ್ಲು ಬಂದು ಗಲ್ಲಿಯ ಬಾಯಲ್ಲಿ ನಿಂತಿತು. ಚರಂಡಿ ಮುಚ್ಚಲು ಆರ್ಡರು ಆಗಿದೆ ಎಂದ ಗಾರೆ ಕೆಲಸದವನು.

ಗಲ್ಲಿಯವರೆಲ್ಲ ಚಪ್ಪಾಳೆ ತಟ್ಟಿದರು. ಅಕ್ಕ ಎದ್ದು ಹೋಗಿ ಗಾಡಿಗೆ ಅಡ್ಡ ನಿಂತಳು.

"ಬೇಡಪ್ಪ, ತಗೊಂಡು ಹೋಗು. ನಮ್ಮ ಚರಂಡಿ ಚೆನ್ನಾಗೇ ಇದೆ."

"ಅತ್ತೆ!" ಎಂದು ಸೊಸೆ ಕಿರುಚಿದಳು.

"ಏನೇ ಅತ್ತೆ? ವಾಸನೆ ಹೋಯ್ತು ಅಂದ್ರೆ ಆ ಯಮ್ಮ ಮತ್ತೆ ಬರ್ತಾಳೆ. ಮೂಗರಳಿಸಿ ನೋಡಿ, ಆಹಾ ಅಂತಾಳೆ. ಮಾರನೇ ದಿನ ಬೋರ್ಡು. ಆಮೇಲೆ ನಿನ್ನ ಗಂಟನ್ನ ಕಂಡಕ್ಟರು ಎಲ್ಲಿ ಇಳಿಸ್ತಾನೆ?"

ಇಸ್ತ್ರಿಯವನು ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟ. "ಅಕ್ಕ, ನಿನ್ನ ಮಾತು ನಿಜ. ಆದ್ರೆ ಒಂದು ಹೆಸರು ಉಳಿಸೋಕೆ ನಾವು ಸಾಯೋತನಕ ಮೂಗು ಹಿಡ್ಕೊಂಡು ಕೂರ್ಬೇಕಾ? ನಾನು ಮಡಿಚಿಟ್ಟ ಬಟ್ಟೇಗೂ ಚರಂಡಿ ವಾಸನೆ ಅಂತ ಜನ ವಾಪಸ್ ತರ್ತಾರೆ."

ಅವನು ಹೇಳಿದ್ದೂ ಸರಿ. ಸೊಸೆ ತುಂಬಿದ ಬಸುರಿ. ವಾಸನೆಗೆ ದಿನವೂ ಉಣ್ಣುವ ಅನ್ನ ಬಿಟ್ಟೇಳುತ್ತಿದ್ದಳು. ಅಕ್ಕ ಗಾಡಿಗೆ ಒರಗಿಕೊಂಡು ಗಲ್ಲಿಯ ಉದ್ದಕ್ಕೂ ನೋಡಿದಳು, ಒಂದೊಂದು ಬಾಗಿಲನ್ನೂ ನೋಡಿದಳು. ಆಮೇಲೆ ಗಾರೆಯವನಿಗೆ ಹೇಳಿದಳು.

"ಎಲ್ಲಾ ಕಡೆ ಮುಚ್ಚು. ನನ್ನ ಬಾಗಿಲ ಮುಂದೆ ಒಂದು ಕಲ್ಲು ಬಿಡು."

"ನಮ್ಮ ಬಾಗಿಲೇ ಯಾಕತ್ತೆ?"

"ಬೇರೆಯವರ ಬಾಗಿಲಲ್ಲಿ ಬಿಡಿ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ಹೆಸರು ಬೇಕಾಗಿರೋಳು ನಾನು. ನೀನು ಹಿಂದಿನ ಕೋಣೇಲಿ ಮಲಗು, ಕೂತು ಹೊಲಿಯೋದೂ ಅಲ್ಲೇ ಮಾಡು. ಕಿಟಕಿ ದೊಡ್ಡದು ಮಾಡಿಸಿ ಕೊಡ್ತೀನಿ."

ಹಾಗೇ ಆಯಿತು. ಗಲ್ಲಿ ಮುಚ್ಚಿಕೊಂಡಿತು, ಅಕ್ಕನ ಬಾಗಿಲ ಮುಂದೆ ಮಾತ್ರ ಒಂದು ಕಲ್ಲಿನಷ್ಟು ಬಾಯಿ ಉಳಿಯಿತು. ಅವಳು ಅದರ ಎದುರೇ ಮೆಟ್ಟಿಲ ಮೇಲೆ ಕೂತು ಕಾಜಾ ಹಾಕಿದಳು. ಕೆಲಸ ಮುಗಿಸಿ ಹೊರಡುವ ದಿನ ಗಾರೆಯವನಿಗೆ ಅವಳ ಮೇಲೆ ಮರುಕ ಬಂದು, ಹಲಗೆಗಳನ್ನು ಬಡಿದು ಹಿಡಿ ಇರುವ ಒಂದು ಮುಚ್ಚಳ ಮಾಡಿಕೊಟ್ಟ. ಮುಚ್ಚಿದರೆ ಒಂದು ಚೂರೂ ವಾಸನೆ ಬಾರದು.

"ಇದನ್ನ ಹಾಕ್ಕೊಳ್ಳಿ ಅಮ್ಮ. ಯಾರಿಗೆ ಗೊತ್ತಾಗುತ್ತೆ?"

ಮೆಂಬರು ಅಷ್ಟಕ್ಕೆ ಬಿಡುವವನಲ್ಲ. ಕಲ್ಲು ಹಾಸಿದ ಮೇಲೆ ಆಗಾಗ ಬಂದು ಮೂಗರಳಿಸಿ ನೋಡುತ್ತಿದ್ದ. ಅವನ ಸ್ಕೂಟರಿಗೆ ತಿರುವಿನಲ್ಲಿ ಕೆಮ್ಮುವ ಚಾಳಿ ಇತ್ತು. ಆ ಕೆಮ್ಮು ಕೇಳಿದೊಡನೆ ಅಕ್ಕ ತುಟಿಯ ಸೂಜಿ ತೆಗೆಯದೆಯೇ ಒಳಗೆ ಕೂಗುತ್ತಿದ್ದಳು.

"ಬಂದ ಕಣೇ! ತೆಗಿ, ತೆಗಿ, ಮುಚ್ಚಳ ತೆಗಿ!"

ಸೊಸೆ ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಮೂಗು ಹಿಡಿದು ಓಡಿ ಬಂದು, ಕಾಲಿನಿಂದಲೇ ಮುಚ್ಚಳ ಸರಿಸುತ್ತಿದ್ದಳು. ಮೆಂಬರು ನಾಲ್ಕು ಹೆಜ್ಜೆ ಒಳಗೆ ಬರುತ್ತಿದ್ದ, ನಿಲ್ಲುತ್ತಿದ್ದ, ಕರ್ಚೀಫು ಹುಡುಕುತ್ತಿದ್ದ.

"ಇನ್ನೂ ಹೋಗಿಲ್ವಲ್ಲಮ್ಮ ಇದು!"

"ಎಲ್ಲಿ ಹೋಗುತ್ತೆ ಸಾರ್," ಎನ್ನುತ್ತಿದ್ದಳು ಅಕ್ಕ, ಅಂಗಿಯಿಂದ ಕಣ್ಣೆತ್ತದೆ. "ಹಳೇದಲ್ವಾ. ತಾಯಿಯವರು ಚೆನ್ನಾಗಿದಾರಾ?"